ಕೈ ತೆಗೆಯುವ ಹೊತ್ತು

ನಮ್ಮೂರಿನ ಬಸ್ ನಿಲ್ದಾಣದಲ್ಲಿ ಒಂದು ಎತ್ತು ನಿಂತಿದೆ. ಸತ್ತ ಮೇಲೆ ನಮ್ಮಜ್ಜ ಹುಲ್ಲು ತುಂಬಿ ನಿಲ್ಲಿಸಿದ ಎತ್ತು. ಚಳಿಗಾಲದ ಬೆಳಗಿನಲ್ಲಿ ಡ್ರೈವರುಗಳು ಅದರ ಪಕ್ಕೆಗೆ ಅಂಗೈ ಒತ್ತಿ ಬಿಸಿ ಮಾಡಿಕೊಂಡು, ಆಮೇಲೆ ಹೋಗಿ ಸ್ಟೇರಿಂಗ್ ಹಿಡಿಯುತ್ತಾರೆ. ಕೈ ತಾಗಿ ತಾಗಿ ಒಂದು ಪಕ್ಕೆಯ ಕೂದಲೆಲ್ಲ ಉದುರಿ ಬೋಳಾಗಿದೆ. ಮನೆಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಉಳ್ಳವರ ಮನೆಯಲ್ಲಿ ಆಕಳು, ಇಲ್ಲದವರ ಮನೆಯಲ್ಲಿ ಕೋಳಿ. ಮೊಸರು ಹೆಪ್ಪಾಗದಿದ್ದರೆ ಪಾತ್ರೆಯನ್ನು ಟಗರಿನ ಹೊಟ್ಟೆಯ ಕೆಳಗೆ ಸರಿಸುತ್ತಾರೆ. ಮಳೆ ಹಿಡಿದ ದಿನಗಳಲ್ಲಿ ಕೂಸಿನ ಬಟ್ಟೆಗಳನ್ನು ಆಕಳ ಬೆನ್ನ ಮೇಲೆ ಹರಡುತ್ತಾರೆ. ಮುದುಕಿಯರು ಬೆಕ್ಕನ್ನು ನೋಯುವ ಮೊಣಕಾಲ ಮೇಲೆ ಇಟ್ಟುಕೊಂಡು ಸೊಸೆಯಂದಿರ ಮೇಲೆ ದೂರು ಹೇಳುತ್ತಾರೆ. ತಾನಾಗಿ ಸತ್ತ ಪ್ರಾಣಿಯನ್ನು ತುಂಬಿದರೆ ಅದು ಬೆಚ್ಚಗಿರುತ್ತದೆ, ಎಷ್ಟು ವರ್ಷವಾದರೂ. ಕೊಂದದ್ದನ್ನು ತುಂಬಿದರೆ ತಣ್ಣಗಿರುತ್ತದೆ, ಎಂಥ ಕಸುಬುದಾರ ತುಂಬಿದರೂ. ತಣ್ಣಗಿನದನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಊರ ಹೊರಗಿನ ಹಳ್ಳಕ್ಕೆ ಎಸೆದು, ಇದು ಯಾರ ಕೈಯ ಕೆಲಸ ಇರಬಹುದು ಎಂದು ಮಾತಾಡಿಕೊಳ್ಳುತ್ತ ಮನೆಗೆ ಬರುತ್ತಾರೆ.

ನಾನು ದ್ಯಾಮಣ್ಣ. ತುಂಬುವುದು ನಮ್ಮ ಮನೆತನದ ಕೆಲಸ. ತೊಗಲು ಹರಿಯದಂತೆ ಬಿಡಿಸಿ, ಉಪ್ಪು ಪಟಿಕ ಹಚ್ಚಿ ಹದ ಮಾಡಿ, ತಂತಿಯ ಎಲುಬು ಕಟ್ಟಿ, ಹುಲ್ಲು ಹತ್ತಿ ತುರುಕಿ ದಬ್ಬಣದಿಂದ ಹೊಲಿಯುತ್ತೇನೆ. ಕಣ್ಣಿಗೆ ಗಾಜಿನ ಮಣಿ. ಬಿಸಿ ಬರುವುದು ಕೊನೆಯ ಹೊಲಿಗೆಗೆ, ಆ ಹೊತ್ತಿಗೆ ನಾವು ಎರಡೂ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತೇವೆ. ಬರಿಗೈಯಿಂದ ಮೊದಲು ಮುಟ್ಟಬೇಕಾದವರು ಸಾಕಿದವರು. ಅವರು ಅಂಗೈ ಇಟ್ಟು, 'ಬೆಚ್ಚಗೈತಿ' ಎಂದರೆ ನನಗೆ ಊಟ. ಸುಮ್ಮನೆ ನಿಂತರೆ ನಾನೂ ಸುಮ್ಮನೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತೇನೆ. ಅಂಥ ಮನೆಯಲ್ಲಿ ನೀರು ಕೇಳಿದರೂ ಕೊಡುವುದಿಲ್ಲ, ನಾನೇ ಕೊಂದಿದ್ದೇನೋ ಎಂಬ ಹಾಗೆ.

ಯಾವುದು ಕೊಂದದ್ದು, ಯಾವುದು ತಾನಾಗಿ ಸತ್ತದ್ದು ಎಂಬಲ್ಲಿಯೇ ಊರು ಸಿಕ್ಕಿಹಾಕಿಕೊಂಡಿತು. ನಮ್ಮಜ್ಜನ ಕಾಲದಲ್ಲಿ ಯಾರೋ ರೋಗದ ಎಮ್ಮೆಗೆ ಔಷಧಿ ಕುಡಿಸಿದರಂತೆ, ಎಮ್ಮೆ ಸತ್ತು, ತುಂಬಿದರೆ ತಣ್ಣಗಾಯಿತಂತೆ. ಔಷಧಿ ಎಂಥದ್ದಿತ್ತೋ, ಕುಡಿಸಿದವನು ಎಂಥವನಿದ್ದನೋ, ಅದನ್ನು ಕೇಳಿದವರಿಲ್ಲ. ಸಾಯುವುದರ ಮೇಲೆ ಕೈ ಬೀಳಬಾರದು ಎಂದು ಮಾತಾಯಿತು. ಆಮೇಲೆ ನೀರು ಬಿಡುವುದೂ ಕೈ ಹಾಕಿದಂತೆ ಎಂದರು. ನೆರಳಿಗೆ ಎಳೆಯುವುದೂ, ನೊಣ ಓಡಿಸುವುದೂ ಹಾಗೆಯೇ ಎಂದರು. ಪ್ರಾಣಿ ಕಾಲು ಮಡಚಿ ಬಿತ್ತೆಂದರೆ ಓಣಿಯ ಹಿರಿಯರು ಬಂದು ನೋಡಿ 'ಕೈ ತೆಗೀರಿ' ಅನ್ನುತ್ತಾರೆ. ಅಂದ ಮೇಲೆ ಯಾರೂ ಮುಟ್ಟುವುದಿಲ್ಲ. ಕೈ ಹಿಂದೆ ಕಟ್ಟಿಕೊಂಡು ಸುತ್ತ ನಿಲ್ಲುತ್ತಾರೆ. ಅದು ಮರ್ಯಾದೆ. ಅತ್ತರೂ ದೂರದಿಂದಲೇ ಅಳುತ್ತಾರೆ.

ಮನುಷ್ಯರನ್ನು ನಾವು ತುಂಬುವುದಿಲ್ಲ, ಮಣ್ಣು ಮಾಡುತ್ತೇವೆ. ಆದರೂ ರೂಢಿ ಎಂಬುದು ಹೊಸ್ತಿಲಲ್ಲಿ ನಿಂತೀತೆ, ಕೊಟ್ಟಿಗೆಯಿಂದ ನಡುಮನೆಗೆ ಬಂತು. ಕೈ ಬಿದ್ದ ಸಾವು ಮಣ್ಣಿನೊಳಗೂ ತಣ್ಣಗಿರುತ್ತದೆ, ಹೋಗುವವರು ತಮ್ಮ ಪಾಡಿಗೆ ಬೆಚ್ಚಗೆ ಹೋಗಲಿ ಎಂದು ಹೇಳತೊಡಗಿದರು. ದವಾಖಾನೆಗೆ ಒಯ್ಯುತ್ತೇವೆ, ಔಷಧಿ ತರುತ್ತೇವೆ, ನಾವೇನು ಕಾಡುಜನರಲ್ಲ. ಆದರೆ ಒಂದು ಹೊತ್ತು ಬರುತ್ತದೆ. ಮನೆಯ ಹಿರಿಯರು ಮುಖ ನೋಡುತ್ತಾರೆ, 'ಕೈ ತೆಗೀರಿ' ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ನನ್ನ ಮಗಳು ಸಾವಂತ್ರಿಯನ್ನು ಇದೇ ಊರಿನ ಕೆಳಗಿನ ಓಣಿಗೆ ಕೊಟ್ಟಿದ್ದೆ. ಅವಳ ಅತ್ತೆ ಫಕೀರವ್ವ ಒಳ್ಳೆಯ ಹೆಂಗಸು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಬಾಣಂತನ ಮಾಡಿದವಳು ಅವಳೇ. ಮೊಮ್ಮಗಳಿಗೆ ಎಣ್ಣೆ ತಿಕ್ಕಿ ಎರೆದವಳೂ ಅವಳೇ. ಕೂಸಿಗೆ ಜ್ವರ ಬಂದಾಗ ಎತ್ತಿಕೊಂಡು ದವಾಖಾನೆಗೆ ಓಡಿದವಳೂ ಅವಳೇ, ಕಾಲಲ್ಲಿ ಚಪ್ಪಲಿ ಇರಲಿಲ್ಲವಂತೆ. ಜ್ವರ ಇಳಿಯಲಿಲ್ಲ. ಕೂಸು ಕಣ್ಣು ತೇಲಿಸಿದಾಗ ಫಕೀರವ್ವ ನೋಡಿ, 'ಕೈ ತೆಗಿಯವ್ವಾ' ಎಂದು ಸಾವಂತ್ರಿಯ ಮಡಿಲಿನಿಂದ ತೆಗೆದು ತೊಟ್ಟಿಲಲ್ಲಿ ಮಲಗಿಸಿದಳು. ಮಲಗಿಸಿ ತಾನೂ ಕೈ ಹಿಂದೆ ಕಟ್ಟಿಕೊಂಡಳು. ಕೂಸು ಆಮೇಲೂ ಬಹಳ ಹೊತ್ತು ಇತ್ತು. ಅತ್ತಿತು. ನನಗೆ ಸುದ್ದಿ ಮುಟ್ಟಿ ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡಿದ ಮೇಲೆ ಸಾವಂತ್ರಿ ನನ್ನ ಹಿಂದೆಯೇ ಮನೆಗೆ ಬಂದಳು. ನಾನು ಕರೆಯಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಅವಳ ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಇದ್ದವನು ನಾನೊಬ್ಬನೇ, ಜೊತೆಗೆ ಒಂದು ಆಡು. ಮಗಳು ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಗೋಡೆಗೆ ಒರಗಿ ಕೂರುತ್ತಿದ್ದಳು. ಅಳಿಯ ಸೋಮಪ್ಪ ಎರಡು ಸಲ ಬಂದು ಕಟ್ಟೆಯ ಮೇಲೆ ಕೂತು ಹೋದ. ಒಳ್ಳೆಯ ಹುಡುಗ, ಆದರೆ ಅವ್ವನ ಮಾತು ಬಿಟ್ಟು ಬೇರೆ ಮಾತು ಅವನಿಗಿಲ್ಲ. 'ನಡಿ' ಅಂದ. ಇವಳು, 'ಅಲ್ಲಿ ಎಲ್ಲಾರೂ ಕೈ ಕಟ್ಟಿ ನಿಂತಿದ್ರಿ' ಅಂದಳು. ಅವನು ಎದ್ದು ಹೋದ.

ಆ ದಿನಗಳಲ್ಲೇ ನಮ್ಮ ಆಡು ಮರಿ ಹಾಕಿತು. ಮರಿಗೆ ಎರಡು ತಲೆ. ಒಂದೇ ಮೈ, ನಾಲ್ಕೇ ಕಾಲು, ಕತ್ತು ಮೇಲೆ ಬಂದು ಕವಲಾಗಿತ್ತು. ಒಂದು ತಲೆ ಒದರುತ್ತಿದ್ದರೆ ಇನ್ನೊಂದು ನಿದ್ದೆ ಮಾಡುತ್ತಿತ್ತು. ತಾಯಿ ಆಡು ಮೂಸಿ ನೋಡಿ, ಹಿಂಗಾಲಿನಿಂದ ದೂಡಿ, ಬೇರೆ ಮೂಲೆಗೆ ಹೋಗಿ ಮಲಗಿಬಿಟ್ಟಿತು.

ಇಂಥದ್ದಕ್ಕೆ ನಮ್ಮೂರಿನಲ್ಲಿ ಒಬ್ಬ ಗಿರಾಕಿ ಇದ್ದಾರೆ, ತೋಟಪ್ಪ ಮಾಸ್ತರು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು. ಮದುವೆಯಾಗಲಿಲ್ಲ, ಮನೆತುಂಬ ಗಾಜಿನ ಕಪಾಟು. ಬಿಳಿ ಕಾಗೆ, ನಾಲ್ಕು ಕಾಲಿನ ಹುಂಜ, ಬಾಲ ಸೀಳಿದ ಹಾವು, ಮುಳ್ಳಿಲ್ಲದ ಮುಳ್ಳುಹಂದಿ, ಎಲ್ಲವನ್ನೂ ತುಂಬಿದವನು ನಾನೇ. ಎಲ್ಲವೂ ಬೆಚ್ಚಗಿವೆ. ಚಳಿಗಾಲದಲ್ಲಿ ಆ ಗಾಜಿಗೆ ಒಳಗಿನಿಂದ ಹಬೆ ಕಟ್ಟಿ ಏನೂ ಕಾಣುವುದಿಲ್ಲ. ಮಾಸ್ತರು ದಿನವೆಲ್ಲ ಪಂಚೆಯ ತುದಿಯಿಂದ ಒರೆಸುತ್ತಾರೆ. ಅವರ ಹೆಮ್ಮೆಯೆಂದರೆ ಒಂದು ಇರುವೆಯನ್ನೂ ಕೊಲ್ಲಿಸಿಲ್ಲ ಎಂಬುದು. 'ಕೊಟ್ಟದ್ದನ್ನ ತಗೋತೀನಿ ದ್ಯಾಮಣ್ಣ, ಕಸಗೊಳ್ಳೂದಿಲ್ಲ' ಎನ್ನುತ್ತಿದ್ದರು. ಆ ಮಾತು ನನಗೂ ಇಷ್ಟವೇ ಆಗಿತ್ತು.

ಸುದ್ದಿ ತಿಳಿದ ಬೆಳಿಗ್ಗೆಯೇ ಅವರು ಕೊಡೆ ಹಿಡಿದು ನಮ್ಮ ಬೇಲಿಯ ಹತ್ತಿರ ನಿಂತರು. ಹಿಂದೆ ಅರ್ಧ ಓಣಿ. ಎಲ್ಲರ ಕೈಯೂ ಬೆನ್ನಿನ ಹಿಂದೆ.

'ದ್ಯಾಮಣ್ಣ, ಕೈ ಹಾಕಿಲ್ಲ ಹೌದಲ್ಲ?' ಎಂದರು ಮಾಸ್ತರು. ಎಲ್ಲ ಕಪಾಟುಗಳ ನಡುವೆ ಒಂದು ಖಾಲಿ ಕಪಾಟನ್ನು ಅವರು ಇಂಥದ್ದಕ್ಕಾಗಿಯೇ ಉಳಿಸಿಕೊಂಡಿದ್ದರು.

'ಇಲ್ರಿ ಮಾಸ್ತರ, ಇನ್ನೂ ಈಗ ಹುಟ್ಟೇತಿ' ಅಂದೆ.

'ಬಾಳ ದಿನ ಇರೂದಿಲ್ಲಪಾ ಇಂಥವು. ತಾನಾಗಿ ಹೋಗ್ಲಿ. ಯಾರೂ ಹತ್ರ ಹೋಗಬ್ಯಾಡ್ರಿ.'

ಅವರ ಮಾತು ಮುಗಿದಿರಲಿಲ್ಲ, ಸಾವಂತ್ರಿ ಒಳಗಿನಿಂದ ಬಂದು ಎಲ್ಲರ ಎದುರಿಗೇ ಮರಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಒಳಗೆ ಹೋದಳು. ಬೇಲಿಯ ಆಚೆ ಗದ್ದಲವೇನೂ ಆಗಲಿಲ್ಲ. ಅಯ್ಯೋ ಎಂದು ಯಾರೋ ಒಬ್ಬರು ಮೆಲ್ಲಗೆ ಅಂದರು, ಅಷ್ಟೇ. ಮಾಸ್ತರು ಕೊಡೆ ಮಡಚಿದರು. ಬಿಸಿಲು ಏರುತ್ತಿದ್ದರೂ ಮಡಚಿಕೊಂಡೇ ಹೋದರು.

ನಾನು ಒಳಗೆ ಹೋದಾಗ ಸಾವಂತ್ರಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಪಕ್ಕದಲ್ಲಿ ಬೆಳ್ಳಿಯ ಬಟ್ಟಲು. ಅವಳಿಗೆ ಇನ್ನೂ ಹಾಲು ಬತ್ತಿರಲಿಲ್ಲ ಎಂಬುದು ನನಗೆ ಹೇಗೆ ತಿಳಿಯಬೇಕು, ಹೆಂಗಸರಿಲ್ಲದ ಮನೆ. ಬಟ್ಟೆಯ ಬತ್ತಿಯನ್ನು ಬಟ್ಟಲಿನ ಹಾಲಿನಲ್ಲಿ ಅದ್ದಿ ಒಂದು ಬಾಯಿಗೆ, ಆಮೇಲೆ ಇನ್ನೊಂದು ಬಾಯಿಗೆ ಇಡುತ್ತಿದ್ದಳು. ನಾನು ಕೆಲಸ ಇದ್ದವನ ಹಾಗೆ ಹೊರಗೆ ಬಂದೆ. ಹಿತ್ತಲಿನಲ್ಲಿ ನಿಂತು ಅತ್ತುಬಿಟ್ಟೆ.

ಮರಿ ಬದುಕಿತು. ಬದುಕಿತು ಅಂದರೆ ದಿನ ದೂಡಿತು. ಎದ್ದು ನಿಲ್ಲಲು ಆಗುತ್ತಿರಲಿಲ್ಲ, ತಲೆಯ ಭಾರಕ್ಕೆ ಮುಗ್ಗರಿಸುತ್ತಿತ್ತು. ಸಾವಂತ್ರಿ ಹಳೆಯ ಸೀರೆ ಹರಿದು ಜೋಳಿಗೆ ಮಾಡಿ ಅದನ್ನು ಎದೆಗೆ ಕಟ್ಟಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಎರಡು ತಲೆಯೂ ಒಂದೊಂದು ಕಡೆಯಿಂದ ಹೊರಗೆ ನೋಡುತ್ತಿದ್ದವು. ಅವಳು ಮತ್ತೆ ಮಾತಾಡತೊಡಗಿದಳು, ನನ್ನ ಜೊತೆ ಅಲ್ಲ, ಮರಿಯ ಜೊತೆ. ನೀರಿಗೆ ಹೋದಾಗ ಹೆಂಗಸರು ದೂರ ಸರಿಯುತ್ತಿದ್ದರು. ಒಬ್ಬಳು ನನ್ನೆದುರಿಗೇ, 'ಅದರ ಸಾವು ಕೆಡಿಸಾಕತ್ತಾಳ ನಿನ್ನ ಮಗಳು' ಎಂದಳು. ಸಾವು ಕೆಡುತ್ತದೆ ಎಂದು ಚಿಂತೆ ಮಾಡುವ ಊರು. ಬದುಕು ಕೆಟ್ಟರೆ ಯಾರಿಗೂ ಏನೂ ಅನಿಸುವುದಿಲ್ಲ. ಆದರೆ ಈ ಮಾತು ನನಗೆ ಹೊಳೆದದ್ದು ಈಗ. ಆಗ ನಾನೂ ತಲೆ ತಗ್ಗಿಸಿಕೊಂಡು ಬಂದಿದ್ದೆ.

ಒಂದು ಬೆಳಿಗ್ಗೆ ಮರಿ ಹಾಲು ಬೇಡವೆಂದಿತು. ಹೇಗೋ ಊರಿಗೆ ತಿಳಿದು ಜನ ಬೇಲಿಗೆ ಬಂದರು. ಸಾವಂತ್ರಿ ಅಂಗಳದ ಬಿಸಿಲಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಮಾಸ್ತರು ಕೈ ಮುಗಿದು, 'ಕೈ ತೆಗಿ ತಂಗಿ, ಇನ್ನಾದ್ರೂ ತೆಗಿ. ಬೆಚ್ಚಗ ಹೋಗ್ಲಿ' ಎಂದು ಬೇಡಿಕೊಂಡರು. ಕಪಾಟಿನ ಆಸೆಯಿಂದ ಅಂದದ್ದಲ್ಲ, ಅವರ ಕಣ್ಣಲ್ಲಿ ನೀರಿತ್ತು. ಅವಳು ತಲೆ ಎತ್ತಲಿಲ್ಲ. ಮೊದಲು ಒಂದು ತಲೆ ಕಣ್ಣು ಮುಚ್ಚಿತು. ಇನ್ನೊಂದು ಮಧ್ಯಾಹ್ನದವರೆಗೂ ಅವಳ ಮುಖವನ್ನೇ ನೋಡುತ್ತಿತ್ತು. ಅವಳು ಒದ್ದೆ ಬತ್ತಿಯಿಂದ ಅದರ ತುಟಿ ಒರೆಸುತ್ತಿದ್ದಳು, ಕಿವಿಯ ಹಿಂದೆ ಸವರುತ್ತಿದ್ದಳು, ನೊಣ ಓಡಿಸುತ್ತಿದ್ದಳು. ಅದು ಸಾಯುವಾಗ ಅವಳ ಎರಡೂ ಕೈ ಅದರ ಮೈಮೇಲಿದ್ದವು. ಎಲ್ಲರೂ ನೋಡಿದರು.

ಜನ ಚದುರಿದ ಮೇಲೆ, 'ಅಪ್ಪಾ, ತುಂಬು ಇದನ್ನ' ಎಂದಳು.

'ಇಷ್ಟು ಕೈ ಬಿದ್ದೈತವ್ವಾ. ತಣ್ಣಗಾಗ್ತೈತಿ. ಸುಮ್ನ ಮನಸ್ಸಿಗೆ ನೋವು.'

'ತಣ್ಣಗಾಗ್ಲಿ ಅಂತನ ತುಂಬು ಅನ್ನಾಕತ್ತೀನಿ.' ಅವಳು ಮರಿಯ ಕಾಲುಗಳನ್ನು ಜೋಡಿಸಿ ಇಡುತ್ತಿದ್ದಳು. 'ತಣ್ಣಗಾತಂದ್ರ ಅತ್ತಿ ಮಾಡಿದ್ದು ಖರೆ. ಕೂಸು ಬೆಚ್ಚಗ ಹೋತು ಅಂತ ತಿಳಕೋತೀನಿ. ತಿಳಕೊಂಡು ಅವರ ಮನೀಗೆ ಹೋಗ್ತೀನಿ. ನಂಗ ಅವರ ಮ್ಯಾಲೆ ಸಿಟ್ಟು ಇಟಗೊಂಡು ಬದುಕಾಕ ಆಗೂದಿಲ್ಲಪಾ.'

ತುಂಬುವ ಕೆಲಸಕ್ಕೆ ಕೂತಾಗಲೆಲ್ಲ ಬೆಚ್ಚಗಾಗಲಿ ದೇವರೇ ಎಂದು ದಬ್ಬಣವನ್ನು ಹಣೆಗೆ ಮುಟ್ಟಿಸಿಕೊಳ್ಳುವವನು ನಾನು. ಆ ಸಲ ಮೊದಲ ಬಾರಿಗೆ ತಣ್ಣಗಾಗಲಿ ಎಂದು ಬೇಡಿಕೊಂಡೆ. ತಣ್ಣಗೆ ಮಾಡುವ ವಿದ್ಯೆ ಯಾವುದಾದರೂ ಇದ್ದಿದ್ದರೆ ಮಾಡಿಯೂ ಬಿಡುತ್ತಿದ್ದೆ. ಇಲ್ಲ. ಎರಡು ತಲೆಯ ಕೆಲಸ ಸಣ್ಣದಲ್ಲ, ಕತ್ತು ಕವಲಾಗುವಲ್ಲಿ ತೊಗಲು ಹಾಳೆಯಷ್ಟು ತೆಳು. ಒಣಗುವಾಗ ಒಂದು ಮುಖ ಸೊಟ್ಟಗಾಯಿತು, ನೆನೆಸಿ ಮತ್ತೆ ಕೂರಿಸಿದೆ. ಸಣ್ಣ ತಂತಿಗೆ ಬೆರಳಷ್ಟು ದಪ್ಪ ಹತ್ತಿ ಸುತ್ತಿ ಕಾಲು ಮಾಡಿದೆ. ನಾಲ್ಕು ಮಣಿಗಳನ್ನು ಒಂದೇ ಬಣ್ಣದವು ಆರಿಸುವುದರಲ್ಲಿ ಸಾಕಾಯಿತು. ಎರಡು ಕಣ್ಣು ಎಲ್ಲೋ ನೋಡುವಂತೆ, ಎರಡು ಕಣ್ಣು ಸಾವಂತ್ರಿಯ ಕಡೆ ನೋಡುವಂತೆ ಕೂರಿಸಿದೆ. ನನ್ನ ಆಯುಷ್ಯದಲ್ಲೇ ಅದು ಎಲ್ಲಕ್ಕಿಂತ ಒಳ್ಳೆಯ ಕೆಲಸ. ಹೇಳಿಕೊಳ್ಳಲು ಈಗ ನಾಚಿಕೆ ಏನಿಲ್ಲ, ಸಂತೋಷವೂ ಇಲ್ಲ.

ಕೊನೆಯ ಹೊಲಿಗೆ ಹಾಕಿ, ಬಟ್ಟೆ ಸುತ್ತಿದ ಕೈಯಿಂದಲೇ ಮರಿಯನ್ನು ಕಟ್ಟೆಯ ಮೇಲೆ ನಿಲ್ಲಿಸಿ ಮಗಳನ್ನು ಕರೆದೆ. ಅವಳು ತಲೆ ಬಾಚಿಕೊಂಡು, ಗಂಡನ ಮನೆಯ ಸೀರೆ ಉಟ್ಟು ಬಂದಳು. ಹೋಗಲು ಗಂಟು ಕಟ್ಟಿ ಇಟ್ಟಿದ್ದಳು, ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಬಂದು ಮರಿಯ ಬೆನ್ನ ಮೇಲೆ ಅಂಗೈ ಇಟ್ಟಳು. ಇಟ್ಟವಳು ಹಾಗೆಯೇ ನಿಂತಳು.

'ನೀ ಮುಟ್ಟು' ಎಂದಳು.

ಬಟ್ಟೆ ಬಿಚ್ಚಿ ಮುಟ್ಟಿದೆ. ಆಗ ತಾನೇ ನಿದ್ದೆಯಿಂದ ಎತ್ತಿಕೊಂಡ ಕೂಸಿನ ಬೆನ್ನಿನಷ್ಟು ಬೆಚ್ಚಗಿತ್ತು. ಬಸ್ ನಿಲ್ದಾಣದ ಎತ್ತೂ ಅಷ್ಟು ಬೆಚ್ಚಗಿಲ್ಲ. ಸಾವಂತ್ರಿಯ ಅವ್ವ ಕೊನೆಯ ಹೊತ್ತಿನಲ್ಲಿ ನೀರಿನ ತಂಬಿಗೆಯ ಕಡೆ ನೋಡುತ್ತಿದ್ದದ್ದು ನೆನಪಾಯಿತು. ಅದರ ಬಗ್ಗೆ ಹೆಚ್ಚು ಹೇಳಲಾರೆ.

'ಹಂಗಾದ್ರ ಕೂಸನ್ನ ಎತಗೋಬಹುದಿತ್ತು' ಎಂದಳು ಸಾವಂತ್ರಿ. ಅಳುತ್ತಿರಲಿಲ್ಲ. 'ಅಳಾಕತ್ತಿತ್ತಪಾ. ಎತಗೋಬಹುದಿತ್ತು.'

ಅವಳು ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ನಡೆದಳು. ನಾನು ಹಿಂದೆ ಹೋದೆ. ಮೊದಲು ತೋಟಪ್ಪ ಮಾಸ್ತರ ಮನೆ. ಅವರು ಗಾಜು ಒರೆಸುತ್ತಿದ್ದರು. 'ಮುಟ್ಟಿ ನೋಡ್ರಿ' ಎಂದಳು. ಊರಿನಲ್ಲಿ ಕೈ ಇಟ್ಟು ಹೇಳಬಲ್ಲವರೆಂದರೆ ಅವರೇ. ಬೆರಳ ತುದಿಯಿಂದ ಮುಟ್ಟಿದರು, ಆಮೇಲೆ ಪೂರ್ತಿ ಅಂಗೈ. ಅವರ ತಮ್ಮನೊಬ್ಬ ಇದ್ದ, ಹಾವು ಕಚ್ಚಿ ಇದೇ ಪಡಸಾಲೆಯಲ್ಲಿ ಮಲಗಿದ್ದ. ಆಗಲೂ ಯಾರೋ ಕೈ ತೆಗೀರಿ ಅಂದಿದ್ದರು. ಮಾಸ್ತರು ಸುತ್ತಲಿನ ಕಪಾಟುಗಳನ್ನು ನೋಡಿದರು, ಖಾಲಿ ಕಪಾಟನ್ನೂ ನೋಡಿದರು.

'ತಣ್ಣಗೈತಿ ತಂಗಿ' ಎಂದರು. 'ಒಯ್ಯಿ ಇದನ್ನ.' ಅಂದು ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳತೊಡಗಿದರು. ನಾವು ಮೆಟ್ಟಿಲು ಇಳಿದು ತಿರುಗಿ ನೋಡಿದಾಗಲೂ ಒರೆಸಿಕೊಳ್ಳುತ್ತಿದ್ದರು.

ಆಮೇಲೆ ಓಣಿಯ ಮನೆಗಳು. ನೀರಿನ ಹತ್ತಿರ ಮಾತಾಡಿದವಳು ಮುಟ್ಟಿದಳು, ಕೈ ತಟ್ಟನೆ ಹಿಂದಕ್ಕೆ ತೆಗೆದುಕೊಂಡು ತಣ್ಣಗೈತಿ ಎಂದಳು. ಅವಳ ಅತ್ತೆ ಮುಟ್ಟಿ ತಣ್ಣಗೈತಿ ಎಂದಳು. ಹೆಂಡತಿಯನ್ನು ಹೆರಿಗೆಯಲ್ಲಿ ಕಳಕೊಂಡ ಗಾಣಿಗರವನು ಮುಟ್ಟಿದ, ಕಣ್ಣಲ್ಲಿ ದಳದಳ ನೀರು ಸುರಿಸುತ್ತ ತಣ್ಣಗೈತಿ ಎಂದ. ಸುಳ್ಳು ಹೇಳುತ್ತಾರೆ ಎಂದು ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೆಚ್ಚಗೈತಿ ಎಂದುಬಿಟ್ಟರೆ ಆಮೇಲೆ ಅವರು ಎಲ್ಲಿಗೆ ಹೋಗಬೇಕು. ಪ್ರತಿ ಮನೆಯಲ್ಲೂ ಯಾರೋ ಒಬ್ಬರು ನೀರು ಕೇಳುತ್ತ, ಹೆಸರು ಹಿಡಿದು ಕರೆಯುತ್ತ ಸತ್ತಿದ್ದಾರೆ, ಉಳಿದವರು ಕೈ ಕಟ್ಟಿಕೊಂಡು ಅವರಿಗೆ ಒಳ್ಳೆಯದು ಮಾಡುತ್ತಿದ್ದೇವೆ ಎಂದುಕೊಂಡು ನಿಂತಿದ್ದಾರೆ. ಕೊನೆಕೊನೆಗೆ ಬಾಗಿಲು ಹಾಕಿಕೊಂಡರು. ಸಾವಂತ್ರಿ ಹಾಕಿದ ಬಾಗಿಲು ಬಡಿಯಲಿಲ್ಲ.

ಫಕೀರವ್ವನ ಮನೆಗೆ ಬಂದಾಗ ಸಂಜೆ. ಬೀಗತಿ ಹೊರಗೆ ಕೂತು ಅಕ್ಕಿ ಆರಿಸುತ್ತಿದ್ದಳು. ಸೊಸೆಯನ್ನು ಕಂಡು ಮೊರ ಬದಿಗಿಟ್ಟು ಎದ್ದಳು. 'ಬಂದ್ಯವ್ವಾ, ಬಾ' ಎಂದು ಖುಷಿಯಿಂದ ಎರಡು ಹೆಜ್ಜೆ ಮುಂದೆ ಬಂದವಳು ಸೆರಗಿನೊಳಗಿನ ಮರಿಯನ್ನು ನೋಡಿ ನಿಂತಳು. ಅಳಿಯನೂ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ.

'ಅತ್ತಿ, ನೀವು ಹೇಳ್ರಿ. ನೀವು ತಣ್ಣಗೈತಿ ಅಂದ್ರ ನಾ ಇಲ್ಲೇ ಇರ್ತೀನಿ' ಎಂದಳು ಸಾವಂತ್ರಿ.

ನನ್ನ ಮಗಳಿಗೆ ಗೊತ್ತಿತ್ತು, ಅವಳ ಕೈಯಲ್ಲೇ ಇತ್ತು ಅದು, ಬೆಳಗಿನಿಂದ ಅದರ ಶಾಖಕ್ಕೆ ಅವಳ ಸೀರೆ ಬೆವರಿಗೆ ಒದ್ದೆಯಾಗಿತ್ತು. ಆದರೂ ಅವಳು ಕೇಳುತ್ತಿದ್ದದ್ದು ಮನಸಾರೆ. ಯಾರಾದರೂ ಸರಿಯಾಗಿ ಸುಳ್ಳು ಹೇಳಿದರೆ ನಂಬಿಬಿಡೋಣ ಎಂಬಷ್ಟು ಅವಳು ದಣಿದಿದ್ದಳು.

ಫಕೀರವ್ವ ಸೆರಗಿಗೆ ಕೈ ಒರೆಸಿಕೊಂಡು ಮರಿಯ ಬೆನ್ನ ಮೇಲೆ ಇಟ್ಟಳು. ಮುದುಕಿಯ ಬಾಯಿ ತೆರೆಯಿತು. ಇನ್ನೊಂದು ಕೈಯನ್ನೂ ಇಟ್ಟಳು. ಮಗ ಒಂದು ಹೆಜ್ಜೆ ಮುಂದೆ ಬಂದು ತಾನೂ ಕೈ ಚಾಚಿದ. ಅವನ ಕೈ ತಾಗುವ ಮೊದಲೇ ಫಕೀರವ್ವ, 'ತಣ್ಣಗೈತಿ. ಮುಟ್ಟಬ್ಯಾಡ' ಎಂದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಹೇಳಿದಳು, ಆದರೆ ಕೈ ತೆಗೆಯಲಿಲ್ಲ. ಎಣ್ಣೆ ತಿಕ್ಕುವವರ ಹಾಗೆ ಅವಳ ಹೆಬ್ಬೆರಳು ಮರಿಯ ಬೆನ್ನುಹುರಿಯ ಗುಂಟ ಮೇಲೆ ಕೆಳಗೆ ಹೋಗುತ್ತಿತ್ತು. 'ತಣ್ಣಗೈತವ್ವಾ, ತಣ್ಣಗೈತಿ' ಎಂದು ಅನ್ನುತ್ತಲೇ ಇದ್ದಳು. ಕೊನೆಗೆ ಸಾವಂತ್ರಿಯೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬಿಡಿಸಿ, ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗಳಕ್ಕೆ ಇಳಿದಳು.

'ಯವ್ವಾ' ಎಂದು ಹಿಂದಿನಿಂದ ಕರೆದಳು ಫಕೀರವ್ವ. 'ಅದನ್ನ ಇಲ್ಲೇ ಬಿಟ್ಟು ಹೋಗು. ಇವತ್ತೊಂದಿನ ನನ್ನ ಬಲ್ಲಿ ಇರ್ಲಿ.'

ಸಾವಂತ್ರಿ ತಿರುಗಿ ನಿಂತಳು. 'ತಣ್ಣಗಿದ್ದದ್ದು ನಿಮಗ್ಯಾಕ್ರಿ ಅತ್ತಿ?'

ಮುದುಕಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಮಗನ ಮುಖ ನೋಡಿದಳು. ಒಂದು ಮಾತು, ಒಂದೇ ಮಾತು ಅಂದಿದ್ದರೆ ನನ್ನ ಮಗಳು ಅಲ್ಲೇ ಅವಳ ಎದೆಗೆ ಬೀಳುತ್ತಿದ್ದಳು, ಇಬ್ಬರೂ ಕೂತು ಅಳುತ್ತಿದ್ದರು.

'ಹಂಗಾದ್ರ ಬ್ಯಾಡ' ಎಂದು ಬೀಗತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.